ಆಲ್ಪ್ಸ್ ಪರ್ವತದಲ್ಲಿ ಅಡುಗೆ: ಬೇಯದ ಕಾಳು, ಕರಗುವ ಚೀಸ್

ಅಡುಗೆಮನೆಯೂ ಒಂದು ಪ್ರಯೋಗಶಾಲೆಯೆಂಬ ಮಾತನ್ನು ನಾನು ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ಆಡಿದ್ದೇನೆ. ಆದರೆ ಆ ಪ್ರಯೋಗಶಾಲೆಯಲ್ಲಿ ಅಧ್ಯಾಪಕನೂ ಅನುತ್ತೀರ್ಣನಾಗಬಹುದೆಂಬುದನ್ನು ಅರಿತದ್ದು ಮಾತ್ರ ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳಲ್ಲಿ. ಗ್ರೆನೋಬಲ್ ನಗರದಲ್ಲಿ ಸಂಶೋಧನೆಯಲ್ಲಿ ನಿರತರಾಗಿದ್ದ ಮಿತ್ರರೊಬ್ಬರ ಆಹ್ವಾನದಂತೆ ಒಂದು ಬೇಸಗೆಯಲ್ಲಿ ನಾವು ನಾಲ್ವರು ಸವ್ವಾ ಪ್ರಾಂತದ ಪರ್ವತವೊಂದರ ಮೇಲಿನ ತಂಗುಮನೆಯಲ್ಲಿ ಮೂರು ದಿನ ತಂಗಿದ್ದೆವು. ಅದು ಕಡಲ ಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿತ್ತು. ಅಲ್ಲಿಗೆ ರಸ್ತೆಯಿಲ್ಲ, ಒಲೆಗೆ ಬೇಕಾದ ಗ್ಯಾಸನ್ನು ಬಹು ಶ್ರಮದಿಂದ ಮೇಲಕ್ಕೆ ಸಾಗಿಸಬೇಕು. ಆದುದರಿಂದ ಅಲ್ಲಿ ಉರಿಯ ಪ್ರತಿಯೊಂದು ನಿಮಿಷಕ್ಕೂ ಬೆಲೆಯುಂಟು.

ಮೊದಲ ಸಂಜೆ ಆಲೂಗಡ್ಡೆಯನ್ನು ಬೇಯಲು ಇಟ್ಟೆವು. ಊರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬೇಯುವ ಗಡ್ಡೆ ಇಲ್ಲಿ ಅಷ್ಟು ಹೊತ್ತಾದರೂ ಒಳಗೆ ಗಟ್ಟಿಯಾಗಿಯೇ ಇತ್ತು. “ಮೇಷ್ಟ್ರೆ, ಉರಿ ಸಾಲದು” ಎಂದರು ಮಿತ್ರರು. ಹಿಂದುಮುಂದು ನೋಡದೆ ನಾನೂ ಉರಿಯನ್ನು ಹೆಚ್ಚಿಸಿದೆ. ನೀರು ಉಕ್ಕಿತು, ಕೋಣೆಯ ತುಂಬ ಹಬೆ ಕವಿಯಿತು. ಗಡ್ಡೆ ಮಾತ್ರ ಬೇಯಲಿಲ್ಲ. ತಂಗುಮನೆಯ ಒಡತಿಯಾದ ವೃದ್ಧೆಯೊಬ್ಬಳು ನಗುತ್ತ ಬಂದು ಉರಿಯನ್ನು ಇಳಿಸಿ, ಪಾತ್ರೆಗೆ ಮುಚ್ಚಳವನ್ನಿಟ್ಟು, ಇನ್ನೂ ಕಾಲು ಗಂಟೆ ಕಾಯುವಂತೆ ಸನ್ನೆ ಮಾಡಿ ಹೋದಳು. ಆಕೆ ಹೇಳಿದ ಹೊತ್ತಿಗೆ ಸರಿಯಾಗಿ ಗಡ್ಡೆ ಬೆಂದಿತು. ತರಗತಿಯಲ್ಲಿ ಹತ್ತಾರು ಸಲ ಬೋಧಿಸಿದ ಪಾಠವನ್ನು ಒಲೆಯ ಮುಂದೆ ನಾನು ಮರೆತಿದ್ದೆ.

ಕುದಿತವೆಂದರೇನು?

ದ್ರವದ ಅಣುಗಳು ಸದಾ ಚಲಿಸುತ್ತಿರುತ್ತವೆ. ಅವುಗಳಲ್ಲಿ ವೇಗವುಳ್ಳ ಕೆಲವು ಮೇಲ್ಮೈಯನ್ನು ದಾಟಿ ಆವಿಯಾಗಿ ಹೊರಬೀಳುತ್ತವೆ. ಈ ಆವಿಗೆ ತನ್ನದೇ ಆದ ಒತ್ತಡವಿದ್ದು, ಉಷ್ಣತೆ ಏರಿದಂತೆ ಅದೂ ಏರುತ್ತದೆ. ನೀರಿನ ಆವಿಯ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕೆ ಸಮನಾದಾಗ ನೀರಿನ ಒಡಲಿನಲ್ಲಿಯೇ ಗುಳ್ಳೆಗಳು ಹುಟ್ಟಿ, ಕುಗ್ಗದೆ ಮೇಲೇರಬಲ್ಲವು. ಇದೇ ಕುದಿತ. ಆದುದರಿಂದ ಕುದಿಬಿಂದುವೆಂಬುದು ನೀರಿನ ಗುಣವೊಂದರಿಂದಲೇ ನಿರ್ಧಾರವಾಗುವುದಲ್ಲ. ಅದು ಹೊರಗಿನ ವಾಯುಮಂಡಲವೂ ನೀರೂ ಕೂಡಿ ಮಾಡಿಕೊಂಡ ಒಪ್ಪಂದ.

ಎತ್ತರಕ್ಕೆ ಹೋದಂತೆ ನಮ್ಮ ತಲೆಯ ಮೇಲಿರುವ ವಾಯುವಿನ ಹೊದಿಕೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಕುದಿಬಿಂದುವೂ ಇಳಿಯುತ್ತದೆ. ಪ್ರತಿ 300 ಮೀಟರ್ ಏರಿಕೆಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುವುದೆಂದು ಲೆಕ್ಕ ಹಾಕಿದರೆ ಸಾಮಾನ್ಯ ಬಳಕೆಗೆ ಸಾಕು. ಕೆಳಗಿನ ಪಟ್ಟಿಯನ್ನು ನೋಡಿರಿ.

ಕಡಲ ತೀರ: 100 ಡಿಗ್ರಿ
ಬೆಂಗಳೂರು (ಸುಮಾರು 920 ಮೀಟರ್): 97 ಡಿಗ್ರಿ
ಶಾಮೊನಿ ಪಟ್ಟಣ (1,035 ಮೀಟರ್): 96.5 ಡಿಗ್ರಿ
ಪ್ವಿ ದ ದೋಮ್ ಬೆಟ್ಟ (1,465 ಮೀಟರ್): 95 ಡಿಗ್ರಿ
ನಮ್ಮ ತಂಗುಮನೆ (2,500 ಮೀಟರ್): ಸುಮಾರು 92 ಡಿಗ್ರಿ
ಮಾಂಟ್ ಬ್ಲಾಂಕ್ ಶಿಖರ (ಸುಮಾರು 4,807 ಮೀಟರ್): ಸುಮಾರು 84 ಡಿಗ್ರಿ

ಈ ಜ್ಞಾನವು ಮಾನವನಿಗೆ ದೊರೆತ ಕಥೆಯಲ್ಲಿ ಫ್ರಾನ್ಸಿನ ಬೆಟ್ಟಗಳಿಗೆ ದೊಡ್ಡ ಪಾಲುಂಟು. ಓವೆರ್ನ್ ಪ್ರಾಂತದ ಕ್ಲೆರ್ಮೋಂ ಊರಿನಲ್ಲಿ ಹುಟ್ಟಿದ ಬ್ಲೇಸ್ ಪಾಸ್ಕಲನ ಸೂಚನೆಯಂತೆ ಅವನ ಭಾವನಾದ ಫ್ಲೋರಾಂ ಪೆರಿಯೆಯು 1648ರ ಸೆಪ್ಟೆಂಬರ್ 19ರಂದು ಪಾದರಸದ ಕೊಳವೆಯೊಂದನ್ನು ಹೊತ್ತು ಪ್ವಿ ದ ದೋಮ್ ಬೆಟ್ಟವನ್ನೇರಿದ. ಬೆಟ್ಟದ ತುದಿಯಲ್ಲಿ ಪಾದರಸದ ಮಟ್ಟವು ಊರಿನಲ್ಲಿದ್ದುದಕ್ಕಿಂತ 8 ಸೆಂಟಿಮೀಟರಿಗೂ ಹೆಚ್ಚು ಇಳಿದಿತ್ತು. ವಾಯುವಿಗೆ ಭಾರವಿದೆ, ಎತ್ತರದಲ್ಲಿ ಅದರ ಒತ್ತಡ ಕಡಿಮೆ ಎಂಬುದು ಅಂದು ಕಣ್ಣಿಗೆ ಕಾಣುವಂತಾಯಿತು. ಮಾಂಟ್ ಬ್ಲಾಂಕ್ ಶಿಖರವನ್ನು 1786ರಲ್ಲಿ ಮೊದಲು ಏರಿದವರು ಶಾಮೊನಿಯ ವೈದ್ಯನಾದ ಪಕ್ಕಾರ್ ಮತ್ತು ಅವನ ಜೊತೆಗಾರ ಬಾಲ್ಮಾ. ಮರುವರ್ಷ, ಎಂದರೆ 1787ರಲ್ಲಿ, ಜಿನೀವಾದ ವಿದ್ವಾಂಸ ಸೊಸ್ಯೂರ್ ಅಲ್ಲಿಗೆ ವಾಯುಭಾರಮಾಪಕ, ಉಷ್ಣತಾಮಾಪಕಗಳನ್ನು ಒಯ್ದು, ಆ ತುದಿಯಲ್ಲಿಯೇ ನೀರನ್ನು ಕುದಿಸಿ ಅದರ ಉಷ್ಣತೆಯನ್ನು ಅಳೆದ.

ಉರಿ ಹೆಚ್ಚಿಸಿದರೇನಾಗುವುದು?

ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಎಷ್ಟೇ ಉರಿ ಕೊಟ್ಟರೂ ಅದರ ಉಷ್ಣತೆ ಏರುವುದಿಲ್ಲ. ಹಾಗಾದರೆ ಕೊಟ್ಟ ಶಾಖವೆಲ್ಲ ಎಲ್ಲಿ ಹೋಯಿತು? ಅದು ಆವಿಯ ಗುಪ್ತೋಷ್ಣವಾಗಿ ಕಿಟಕಿಯಿಂದಾಚೆಗೆ ಹಾರಿಹೋಯಿತು. ಒಂದು ಗ್ರಾಮ್ ನೀರನ್ನು 20ರಿಂದ 92 ಡಿಗ್ರಿಗೆ ಏರಿಸಲು 72 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಮನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಏಳು ಪಟ್ಟಿಗೂ ಮಿಗಿಲಾದ ಈ ಶಾಖವು ಗಡ್ಡೆಯನ್ನು ಬೇಯಿಸುವುದಕ್ಕೆ ಎಳ್ಳಷ್ಟೂ ಸಹಾಯ ಮಾಡಲಿಲ್ಲ. ವೃದ್ಧೆಯು ಉರಿ ಇಳಿಸಿ ಮುಚ್ಚಳವಿಟ್ಟುದರ ಮರ್ಮ ಇದೇ.

ಇನ್ನು ಕಾಯಬೇಕಾದ ಹೊತ್ತಿನ ವಿಷಯ. ಆಲೂಗಡ್ಡೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ಕರಗಿ ಸಡಿಲವಾಗುವುದು ಒಂದು ರಾಸಾಯನಿಕ ಕ್ರಿಯೆ. ಇಂತಹ ಕ್ರಿಯೆಗಳ ವೇಗವು 10 ಡಿಗ್ರಿ ಏರಿಕೆಗೆ ಸ್ಥೂಲವಾಗಿ ಎರಡು ಪಟ್ಟಾಗುತ್ತದೆಂದು ಇಟ್ಟುಕೊಳ್ಳೋಣ. ನಮ್ಮ ನೀರು 8 ಡಿಗ್ರಿ ತಣ್ಣಗಿದ್ದುದರಿಂದ ವೇಗವು ಸುಮಾರು 1.7ರಷ್ಟು ತಗ್ಗಿತು, ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂವತ್ತೈದು ನಿಮಿಷ ಹಿಡಿಯಿತು. ವೃದ್ಧೆಯ ಕಾಲು ಗಂಟೆಯ ಲೆಕ್ಕ ತಪ್ಪಿರಲಿಲ್ಲ!

ಬೆಟ್ಟಕ್ಕೆ ಒಗ್ಗಿದ ಆಹಾರ

ಅಂದಿನ ರಾತ್ರಿಯ ಊಟದಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನೀರು ಕುದಿಯುವ ಉಷ್ಣತೆಯ ಹಂಗೇ ಇಲ್ಲದ ತಿನಿಸುಗಳು ಸವ್ವಾದ ಜನರಲ್ಲಿ ಹೇರಳವಾಗಿವೆ. ಅವುಗಳಿಗೆಲ್ಲ ಮೂಲ ಚೀಸ್.

ಬೇಸಗೆಯಲ್ಲಿ ದನಗಳು ಎತ್ತರದ ಹುಲ್ಲುಗಾವಲುಗಳಲ್ಲಿ ಮೇಯುತ್ತವೆ; ಹಾಲು ಧಾರಾಳ. ಚಳಿಗಾಲದಲ್ಲಿ ಹಿಮ ಮುಚ್ಚಿದರೆ ಹುಲ್ಲೂ ಇಲ್ಲ, ದಾರಿಯೂ ಇಲ್ಲ. ಬೇಸಗೆಯ ಹಾಲನ್ನು ಚಳಿಗಾಲಕ್ಕೆ ಕಾಪಿಡಬೇಕಾದರೆ ಅದರ ನೀರನ್ನು ಹೊರದೂಡಬೇಕು. ಬೋಫೋರ್ ಎಂಬ ಚೀಸಿನ ಒಂದು ಕಿಲೋಗ್ರಾಮಿಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಬಂಡಿಯ ಚಕ್ರದಂತೆ ದುಂಡಗಿರುವ ಇದರ ಒಂದೊಂದು ಗಾಲಿಯೂ ಇಪ್ಪತ್ತರಿಂದ ಎಪ್ಪತ್ತು ಕಿಲೋಗ್ರಾಮಿನವರೆಗೆ ತೂಗುತ್ತದೆ. ಹಾಲನ್ನು ಹೆಪ್ಪುಗಟ್ಟಿಸಲು ಸುಮಾರು 33 ಡಿಗ್ರಿ, ಒಡೆದ ಗಟ್ಟಿಯನ್ನು ಕಾಯಿಸಲು ಸುಮಾರು 54 ಡಿಗ್ರಿ ಸಾಕು. ಈ ಉಷ್ಣತೆಗಳು ಮಾಂಟ್ ಬ್ಲಾಂಕ್ ಶಿಖರದ ಮೇಲೂ ದೊರೆಯುವಂಥವು. ಆದುದರಿಂದ ಎತ್ತರವು ಚೀಸ್ ಮಾಡುವವನಿಗೆ ಅಡ್ಡಿಯಾಗುವುದಿಲ್ಲ.

ಇಲ್ಲಿ ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಬೇಕು. ಬೋಫೋರ್ ಮೊದಲಾದ ಈ ಪ್ರಾಂತದ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ದ್ರವ್ಯವನ್ನು ಕರುವಿನ ಜಠರದಿಂದ ಪಡೆಯುತ್ತಾರೆ. ಇದು ಒಲ್ಲದವರು ವಿಚಾರಿಸಿಕೊಂಡು ತಿನ್ನುವುದು ಒಳ್ಳೆಯದು. ನಮ್ಮಲ್ಲೊಬ್ಬರು ಇದನ್ನು ಕೇಳಿದ ಮೇಲೆ ರೊಟ್ಟಿ, ಬೆಣ್ಣೆ, ಆಲೂಗಡ್ಡೆಗಳಲ್ಲಿಯೇ ತೃಪ್ತರಾದರು.

ಚೀಸನ್ನು ಉಣ್ಣುವ ಬಗೆಗಳಲ್ಲಿ ಸರಳವಾದುದು ರಾಕ್ಲೆಟ್. ನೆರೆಯ ಸ್ವಿಟ್ಸರ್ಲೆಂಡಿನ ವಾಲೆ ಪ್ರಾಂತಕ್ಕೂ ಇದು ಸಲ್ಲುತ್ತದೆ. ಅರ್ಧ ಗಾಲಿ ಚೀಸನ್ನು ಕೆಂಡದ ಎದುರಿಗೆ ಹಿಡಿಯುತ್ತಾರೆ. ಕೆಂಡದ ವಿಕಿರಣದಿಂದ ಅದರ ಮುಖವು ಕರಗುತ್ತದೆ. ಚೀಸು ಶಾಖದ ಮಂದವಾಹಕವಾದುದರಿಂದ ಒಳಭಾಗ ತಣ್ಣಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಕರಗಿದ ಪದರವನ್ನಷ್ಟೇ ಚಾಕುವಿನಿಂದ ಕೆರೆದು ಬೆಂದ ಆಲೂಗಡ್ಡೆಯ ಮೇಲೆ ಬೀಳಿಸುತ್ತಾರೆ. ‘ಕೆರೆ’ ಎಂಬ ಅರ್ಥದ ಫ್ರೆಂಚ್ ಧಾತುವಿನಿಂದಲೇ ಆ ಹೆಸರು ಬಂದಿದೆ. ಚೀಸು ಒಳ್ಳೆಯ ವಾಹಕವಾಗಿದ್ದರೆ ಇಡಿಯ ಗಾಲಿಯೇ ಕುಸಿದು ಈ ತಿನಿಸೇ ಇರುತ್ತಿರಲಿಲ್ಲ.

ಎರಡನೆಯದು ಫೋಂದ್ಯೂ, ಎಂದರೆ ‘ಕರಗಿದ್ದು’. ನಾಲ್ವರಿಗೆ ಸುಮಾರು 800 ಗ್ರಾಮ್ ಚೀಸು ಬೇಕು. ದಪ್ಪ ತಳದ ಪಾತ್ರೆಯ ಒಳಮೈಗೆ ಬೆಳ್ಳುಳ್ಳಿ ಎಸಳನ್ನು ಉಜ್ಜಿ, ಹುಳಿಯಾದ ಬಿಳಿ ದ್ರಾಕ್ಷಾರಸದ ಮದ್ಯವನ್ನು ಸುಮಾರು 300 ಮಿಲಿಲೀಟರಿನಷ್ಟು ಬಿಸಿಮಾಡಿ, ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕುತ್ತ ಕದಡುತ್ತಾರೆ. ರೊಟ್ಟಿಯ ತುಂಡನ್ನು ಉದ್ದನೆಯ ಮುಳ್ಳುಚಮಚಕ್ಕೆ ಸಿಕ್ಕಿಸಿ, ಎಲ್ಲರೂ ಒಂದೇ ಪಾತ್ರೆಯಲ್ಲಿ ಅದ್ದಿ ತಿನ್ನುತ್ತಾರೆ. ಮದ್ಯವೇಕೆ? ಚೀಸಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಜಾಲವಿದ್ದು, ಅದನ್ನು ಕ್ಯಾಲ್ಸಿಯಂ ಬಿಗಿದು ಕಟ್ಟಿರುತ್ತದೆ. ಬರಿದೇ ಕಾಯಿಸಿದರೆ ಜಾಲವು ಮುದುಡಿ ನಾರಾಗಿ ಕೊಬ್ಬು ಬೇರೆಯಾಗುತ್ತದೆ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವು ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳುವುದರಿಂದ ಬಿಡುಗಡೆ ಹೊಂದಿದ ಕೇಸೀನು ಕೊಬ್ಬಿನ ಹನಿಗಳನ್ನು ಸುತ್ತುವರಿದು ನುಣುಪಾದ ಮಿಶ್ರಣವಾಗುತ್ತದೆ. ಕಾಯಿಸಿದರೆ ಮದ್ಯಸಾರವೆಲ್ಲ ಹಾರಿಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಒಂದು ಪಾಲು ಉಳಿದೇ ಉಳಿಯುತ್ತದೆ. ಅದನ್ನು ಒಲ್ಲದವರು ನೀರಿಗೆ ನಿಂಬೆಯ ರಸವನ್ನು ಬೆರೆಸಿಕೊಳ್ಳಬಹುದು. ಅದರ ಸಿಟ್ರಿಕ್ ಆಮ್ಲವೂ ಇದೇ ಕೆಲಸವನ್ನು ಮಾಡುತ್ತದೆ. ಒಂದು ಚಮಚ ಜೋಳದ ಪಿಷ್ಟವನ್ನು ಕದಡಿ ಹಾಕಿದರೆ ಗಂಟು ಕಟ್ಟುವುದು ತಪ್ಪುತ್ತದೆ. ಫೋಂದ್ಯೂ ಕುದಿಯಬಾರದು, ಕುದಿದರೆ ಕೆಡುತ್ತದೆ. ಕುದಿಬಿಂದು ತಗ್ಗಿದ ಬೆಟ್ಟದ ಮೇಲೆ ಇಂತಹ ತಿನಿಸು ಎಷ್ಟು ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ನೆರೆಯ ದೋಫಿನೆ ಪ್ರಾಂತದ ಗ್ರಾತಾಂ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿ, ಹಾಲು ಕೆನೆಗಳಲ್ಲಿ ಮುಳುಗಿಸಿ, ಓವನ್ನಿನಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಓವನ್ನಿನ ಉಷ್ಣತೆ 160 ಡಿಗ್ರಿಯಿದ್ದರೂ ಒಳಗೆ ಹಾಲಿರುವ ತನಕ ಗಡ್ಡೆಯ ಉಷ್ಣತೆ ಕುದಿಬಿಂದುವನ್ನು ಮೀರದು. ಆದರೆ ಶಾಖವು ಒಳಹೊಗಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣವಾದುದರಿಂದ, ದಪ್ಪ ಅರ್ಧವಾದರೆ ಆ ಕಾಲ ನಾಲ್ಕರಲ್ಲೊಂದು ಪಾಲಾಗುತ್ತದೆ. ಪೆಕ್ಟಿನ್ ಸಡಿಲವಾಗುವ ಕಾಲವನ್ನು ಮಾತ್ರ ಯಾವ ಚಾಕುವೂ ಕಡಿಮೆ ಮಾಡಲಾರದು. ನೀರು ಆರಿದ ಮೇಲ್ಪದರ ಮಾತ್ರ 100 ಡಿಗ್ರಿಯನ್ನು ದಾಟಿ ಹೊಂಬಣ್ಣಕ್ಕೆ ತಿರುಗಿ ಘಮಘಮಿಸುತ್ತದೆ. ಪ್ರೋಟೀನಿನ ಘಟಕಗಳೂ ಸಕ್ಕರೆಗಳೂ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರೆಂಚ್ ವಿಜ್ಞಾನಿ ಮಯಾರ್. ನಮ್ಮ ದೋಸೆಯ ಕೆಂಪಿಗೂ ಅದೇ ಕಾರಣ.

ಆಲೂಗಡ್ಡೆಯ ಮೇಲೆ ರೆಬ್ಲೊಶೋಂ ಎಂಬ ಚೀಸನ್ನಿಟ್ಟು ಬೇಯಿಸುವ ಟಾರ್ಟಿಫ್ಲೆಟ್ ಇಂದು ಹೆಸರಾಗಿದೆ. ಅದು ಪುರಾತನವೆಂದು ಹಲವರ ಎಣಿಕೆ. ಆದರೆ ಹಳೆಯ ತಿನಿಸೊಂದರ ಜಾಡಿನಲ್ಲಿ ಅದು ಈ ಹೆಸರಿನಿಂದ ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ರೆಬ್ಲೊಶೋಂ ಚೀಸು ಮಾತ್ರ ನಿಜವಾಗಿಯೂ ಹಳೆಯದು. ಕರೆದ ಹಾಲಿನ ಅಳತೆಯ ಮೇಲೆ ಒಡೆಯನಿಗೆ ಗೇಣಿ ಸಲ್ಲಬೇಕಾಗಿದ್ದ ಕಾಲದಲ್ಲಿ, ರೈತರು ಅಳೆಯುವವನ ಮುಂದೆ ಅರೆಬರೆಯಾಗಿ ಕರೆದು, ಅವನು ಹೋದ ಮೇಲೆ ಮತ್ತೊಮ್ಮೆ ಕರೆಯುತ್ತಿದ್ದರಂತೆ. ಎರಡನೆಯ ಕರೆತದ ಆ ಕೊಬ್ಬಿದ ಹಾಲಿನಿಂದ ಹುಟ್ಟಿದ ಚೀಸಿಗೆ ‘ಮರಳಿ ಕರೆ’ ಎಂಬರ್ಥದ ಮಾತಿನಿಂದ ಹೆಸರು ಬಂತು.

ಅರೆಪಾಠದ ಅಪಾಯ

ಎರಡನೆಯ ದಿನ ಊರಿನ ರುಚಿಯನ್ನು ನೆನೆದು, ಕಣಿವೆಯ ಅಂಗಡಿಯಲ್ಲಿ ಕೊಂಡಿದ್ದ ಕೆಂಪು ರಾಜ್ಮಾ ಕಾಳನ್ನು ರಾತ್ರಿಯೇ ನೆನೆಹಾಕಿದ್ದೆವು. ಅದನ್ನು ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲಿಟ್ಟಾಗ, ಹಿಂದಿನ ಸಂಜೆಯ ಪಾಠದಿಂದ ಉಬ್ಬಿದ್ದ ನಾನು, “ಉರಿ ಜೋರಾಗಿದ್ದರೆ ಪ್ರಯೋಜನವಿಲ್ಲ, ಇಳಿಸಿಬಿಡಿ, ಗ್ಯಾಸಾದರೂ ಉಳಿಯಲಿ” ಎಂದು ಉಪದೇಶಿಸಿದೆ. ಮಿತ್ರರು ತೀರ ಸಣ್ಣಗೆ ಇಳಿಸಿದರು. ನೀರಿನ ಮೇಲ್ಮೈ ಅಲುಗಲಿಲ್ಲ. ಗುಳ್ಳೆಯ ಸದ್ದೂ ಇರಲಿಲ್ಲ. ಎರಡು ಗಂಟೆಯ ಮೇಲೆ ಕಾಳು ತುಸು ಗಟ್ಟಿಯಾಗಿದ್ದರೂ ಹಸಿವು ತಡೆಯದೆ ಇಬ್ಬರು ಉಂಡರು. ಎರಡು ತಾಸಿನೊಳಗೆ ಇಬ್ಬರಿಗೂ ವಾಂತಿ ಆರಂಭವಾಗಿ ನಡುರಾತ್ರಿಯವರೆಗೂ ನಿಲ್ಲಲಿಲ್ಲ. ಆ ಎತ್ತರದಲ್ಲಿ ವೈದ್ಯರು ಎಲ್ಲಿಂದ ಬರಬೇಕು? ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರು ಚೇತರಿಸಿಕೊಂಡರೂ, ಎದುರಿನ ಹಿಮನದಿಯನ್ನು ನೋಡುವ ನಮ್ಮ ಆಸೆ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ ಆ ರಾತ್ರಿಯ ನನ್ನ ಭಯವನ್ನು ಮರೆಯಲಾರೆ.

ತಪ್ಪು ಎಲ್ಲಿತ್ತು? ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ಜಾತಿಯ ವಿಷಕಾರಿ ಪ್ರೋಟೀನೊಂದಿದೆ. ನಾಲ್ಕೈದು ಹಸಿ ಕಾಳೇ ವಾಂತಿ ಬರಿಸಬಲ್ಲವು. ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 100 ಡಿಗ್ರಿಯಲ್ಲಿ ಕನಿಷ್ಠ ಹತ್ತು ನಿಮಿಷ, ಇನ್ನೂ ಕ್ಷೇಮವೆಂದರೆ ಅರ್ಧ ಗಂಟೆ, ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟರೂ ನಾಶವಾಗದೆ ಉಳಿಯಬಹುದು. ಕುದಿಯುತ್ತಿರುವ ನೀರಿಗೆ ಹೆಚ್ಚಿನ ಉರಿ ವ್ಯರ್ಥ ಎಂಬುದು ಸತ್ಯ. ಆದರೆ ಅದು ಕುದಿಯುತ್ತಿರುವ ತನಕ ಮಾತ್ರ ಸತ್ಯ. ಕುದಿತ ನಿಂತೊಡನೆ ಉಷ್ಣತೆಯನ್ನು ಹಿಡಿದಿಡುವ ಕಟ್ಟೇ ಒಡೆಯಿತು. ಆಮೇಲೆ ಅದು ಎಲ್ಲಿಗೆ ಇಳಿಯಿತೆಂಬುದನ್ನು ಕಣ್ಣು ಹೇಳಲಾರದು. ನಿಯಮವನ್ನು ಕಲಿತ ನಾನು ಅದಕ್ಕೆ ಅಂಟಿಕೊಂಡಿದ್ದ ನಿಬಂಧನೆಯನ್ನು ಬಿಟ್ಟಿದ್ದೆ.

ಪಾಪಾಂನ ಪಾತ್ರೆ

ಬೆಟ್ಟದ ಮೇಲೆ ಕಾಳಿಗೆ ಸರಿಯಾದ ಉಪಾಯ ಒತ್ತಡದ ಪಾತ್ರೆ, ಎಂದರೆ ನಮ್ಮೆಲ್ಲರ ಮನೆಯ ಕುಕ್ಕರ್. ಇದರ ಮೂಲಪುರುಷನೂ ಫ್ರೆಂಚನೇ. ಬ್ಲ್ವಾ ನಗರದ ಬಳಿ 1647ರಲ್ಲಿ ಹುಟ್ಟಿದ ಡೆನಿ ಪಾಪಾಂ 1679ರಲ್ಲಿ ಲಂಡನ್ನಿನಲ್ಲಿ ಬಿಗಿಮುಚ್ಚಳದ ಪಾತ್ರೆಯೊಂದನ್ನು ರಚಿಸಿ, ಗಟ್ಟಿ ಮೂಳೆಯನ್ನೂ ಅದರಲ್ಲಿ ಮೆತ್ತಗಾಗಿಸಿ ತೋರಿಸಿದ. ಪಾತ್ರೆ ಸಿಡಿಯದಂತೆ ತೂಕವಿಟ್ಟ ಕವಾಟವನ್ನೂ ಜೋಡಿಸಿದ. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರು ಅದರಲ್ಲಿ ಬೆಂದ ಅಡುಗೆಯನ್ನು ಉಂಡು ಮೆಚ್ಚಿದರು.

ಕವಾಟದ ತೂಕವು ಹೊರಗಿನದಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ತಡೆದಿಡುತ್ತದೆನ್ನೋಣ. ಕಡಲ ತೀರದಲ್ಲಿ ಒಳಗಿನ ಒಟ್ಟು ಒತ್ತಡ ಎರಡು ವಾಯುಮಂಡಲವಾಗಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ತಂಗುಮನೆಯಲ್ಲಿ ಹೊರಗಿನ ಒತ್ತಡ ಮುಕ್ಕಾಲು ಪಾಲು ಮಾತ್ರ. ಒಳಗೆ ಒಂದೂ ಮುಕ್ಕಾಲು. ಉಷ್ಣತೆ ಸುಮಾರು 116. ಕುಕ್ಕರಿನಲ್ಲಿಯೂ ಬೆಟ್ಟವು ತನ್ನ ತೆರಿಗೆಯನ್ನು ವಸೂಲು ಮಾಡದೆ ಬಿಡುವುದಿಲ್ಲ. ಆದರೆ 92ಕ್ಕೆ ಹೋಲಿಸಿದರೆ 116 ಎಷ್ಟೋ ಮೇಲು. ಮೂರನೆಯ ದಿನ ವೃದ್ಧೆಯು ತನ್ನ ಕುಕ್ಕರನ್ನು ಎರವಲು ಕೊಟ್ಟಳು. ಉಳಿದ ಕಾಳು ಬೆಣ್ಣೆಯಂತೆ ಬೆಂದಿತು. ಹಿಂದಿನ ದಿನ ಬಳಲಿದವರಿಬ್ಬರೂ ಅದನ್ನು ಮುಟ್ಟಲಿಲ್ಲ. ಅವರನ್ನು ಒತ್ತಾಯಿಸುವ ಧೈರ್ಯ ನನಗೂ ಬರಲಿಲ್ಲ.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಇದನ್ನು ಪರೀಕ್ಷಿಸಲು ಆಲ್ಪ್ಸಿಗೆ ಹೋಗಬೇಕಾಗಿಲ್ಲ. ಮಂಗಳೂರಿನ ವಿದ್ಯಾರ್ಥಿಯೊಬ್ಬನೂ ಮಡಿಕೇರಿಯ ವಿದ್ಯಾರ್ಥಿನಿಯೊಬ್ಬಳೂ ಒಂದೇ ದಿನ ತಮ್ಮ ತಮ್ಮ ಅಡುಗೆಮನೆಗಳಲ್ಲಿ ಶುದ್ಧವಾದ ನೀರನ್ನು ಕುದಿಸಲಿ. ಪ್ರಯೋಗಶಾಲೆಯ ಉಷ್ಣತಾಮಾಪಕದ ಬುರುಡೆಯನ್ನು ಪಾತ್ರೆಯ ತಳಕ್ಕೆ ತಗುಲದಂತೆ ಇಳಿಬಿಟ್ಟು, ನೀರು ಕುದಿಯುತ್ತಿರುವಾಗ ಉಷ್ಣತೆಯನ್ನು ಓದಿ ಪರಸ್ಪರ ಬರೆದು ತಿಳಿಸಲಿ. ಸುಮಾರು ನಾಲ್ಕು ಡಿಗ್ರಿಯ ಅಂತರ ಕಾಣಬೇಕು. ಅದನ್ನು 300ರಿಂದ ಗುಣಿಸಿದರೆ ಮಡಿಕೇರಿಯ ಎತ್ತರ ಸ್ಥೂಲವಾಗಿ ದೊರೆಯುತ್ತದೆ. ಒಂದು ಡಿಗ್ರಿ ತಪ್ಪಿ ಓದಿದರೆ ಎತ್ತರದಲ್ಲಿ 300 ಮೀಟರ್ ತಪ್ಪುವುದೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಅದಾದ ಮೇಲೆ ಉರಿಯನ್ನು ಹೆಚ್ಚಿಸಿ ಓದಿರಿ. ಕುದಿತ ನಿಲ್ಲುವಷ್ಟು ಇಳಿಸಿಯೂ ಓದಿರಿ. ಮೊದಲನೆಯದರಲ್ಲಿ ಉಷ್ಣತೆ ಅಲುಗದು. ಎರಡನೆಯದರಲ್ಲಿ ಅದು ಸದ್ದಿಲ್ಲದೆ ಜಾರುತ್ತದೆ. ನನಗೆ ಒಂದು ಸಂಜೆಯ ನಗೆಯನ್ನೂ ಒಂದು ರಾತ್ರಿಯ ನಿದ್ದೆಯನ್ನೂ ತೆತ್ತು ದೊರೆತ ಪಾಠ ನಿಮಗೆ ಅರ್ಧ ಗಂಟೆಯಲ್ಲಿ, ಯಾರ ಹೊಟ್ಟೆಗೂ ಕೇಡಿಲ್ಲದೆ ದೊರೆಯಲಿ.